ಸಾಕೆಟ್ಟಿನ ಮೂರನೇ ತೂತಿನಿಂದ

ನಮ್ಮ ಕಡೆ ಕಂಪ್ಯೂಟರಿನ ಡಬ್ಬಕ್ಕೇ ಸಿಪಿಯು ಅಂತಾರೆ. 'ಸಿಪಿಯು ಹೊತ್ಕೊಂಡು ಬನ್ನಿ, ನೋಡೋಣ' ಅಂತ ಅಂಗಡಿಯವರು ಹೇಳ್ತಾರೆ, 'ಸಿಪಿಯು ಮೇಲೆ ನೀರಿನ ಚೊಂಬು ಇಡಬೇಡ' ಅಂತ ಮನೆಯವರು ಬೈತಾರೆ. ಅಸಲಿ ಸಿಪಿಯು, ಅಂದರೆ ಪ್ರೊಸೆಸರ್, ಇರುವುದು ಆ ಡಬ್ಬದೊಳಗೆ, ಫ್ಯಾನಿನ ಅಡಿಯಲ್ಲಿ. ಬೆಂಕಿಪೊಟ್ಟಣದಷ್ಟೂ ಉದ್ದವಿಲ್ಲದ ಒಂದು ಚೌಕದ ಬಿಲ್ಲೆ. ಹೆಸರು ತಪ್ಪಿದ್ದರಿಂದ ಯಾರ ಗಂಟೂ ಹೋಗಿಲ್ಲ, ನಿಜ. ಆದರೆ ಡಬ್ಬವನ್ನು ಒಮ್ಮೆಯೂ ಬಿಚ್ಚದೆ ಇಡಿಯಾಗಿ ಅಂಗಡಿಗೆ ಹೊರುವುದು, ಏನೇ ಕೆಟ್ಟರೂ 'ಫಾರ್ಮ್ಯಾಟ್ ಮಾಡ್ಸಿದ್ರೆ ಸರಿಹೋಗುತ್ತೆ' ಅಂದುಕೊಳ್ಳುವುದು, ಎರಡೂ ಆ ಹೆಸರಿನ ಜೊತೆಗೇ ಬಂದ ಅಭ್ಯಾಸ.

ಹಾರ್ಡ್‌ವೇರನ್ನು ತಾವೇ ಕಲಿಯಹೊರಟವರು ಸಾಮಾನ್ಯವಾಗಿ ಪ್ರೊಸೆಸರಿನಿಂದ ಶುರುಮಾಡುತ್ತಾರೆ. ಎಷ್ಟು ಕೋರು, ಯಾವ ಗ್ರಾಫಿಕ್ಸ್ ಕಾರ್ಡು, ಯಾವ ಆಟ ಎಷ್ಟು ನುಣುಪಾಗಿ ಓಡುತ್ತದೆ. ಯೂಟ್ಯೂಬಿನ ಪಾಠಗಳೂ ಅಲ್ಲಿಂದಲೇ ಹೊರಡುತ್ತವೆ. ಅವುಗಳಲ್ಲಿ ಬಹುಪಾಲು ಮಾಡಿದವರ ಊರಿನಲ್ಲಿ ಗೋಡೆಯಿಂದ ಬರುವ ಕರೆಂಟಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ಪ್ರೊಸೆಸರ್ ಕೆಟ್ಟು ನಿಂತ ಯಂತ್ರ ಅಪರೂಪ. ಯಂತ್ರವನ್ನು ಮಲಗಿಸುವುದು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕ ಡಿಸಿ ಮಾಡಿ ಹಂಚುವ ಪೆಟ್ಟಿಗೆ), ಇಲ್ಲದ ಅರ್ಥಿಂಗು, ಸತ್ತ ಯುಪಿಎಸ್ ಬ್ಯಾಟರಿ, ಕೆಮ್ಮಣ್ಣಿನ ಧೂಳು. ಹಾಗಾಗಿ ಇಲ್ಲಿ ಕರೆಂಟು ಬರುವ ದಾರಿಯನ್ನೇ ಹಿಡಿದು ಕಲಿಯಬೇಕು ಅನ್ನುವುದು ನನ್ನ ಹಟ. ಗೋಡೆಯಿಂದ ಯುಪಿಎಸ್, ಅಲ್ಲಿಂದ ಎಸ್‌ಎಂಪಿಎಸ್, ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡು, ಆಮೇಲೆ ಪ್ರೊಸೆಸರು. ಕೊನೆಗೆ ಅದರ ಬಿಸಿ ಹೊರಗೆ ಹೋಗುವ ದಾರಿ.

ಕೈ ಪಳಗಿಸಲು ಹೊಸ ಸಾಮಾನು ಬೇಡವೇ ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಮತ್ತು ಇಂಟೆಲ್ ಆದರೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರು. ಅದರಿಂದಾಗಿ 6 ಮತ್ತು 7ನೇ ತಲೆಮಾರಿನ ಐ3, ಐ5 ಇರುವ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್ ತರಹದ ಆಫೀಸ್ ಡೆಸ್ಕ್‌ಟಾಪುಗಳು ಹಳೆ ಸಾಮಾನಿನ ಸಾಲಿಗೆ ಸೇರಿವೆ. ಲಿನಕ್ಸ್ ಹಾಕಿದರೆ ಇವು ಇನ್ನೂ ವರ್ಷಗಟ್ಟಲೆ ಓಡುತ್ತವೆ. ಬಿಚ್ಚಿ ಜೋಡಿಸುವುದನ್ನು ಹತ್ತು ಸಲ ಮಾಡಲು ಇದಕ್ಕಿಂತ ಒಳ್ಳೆಯ ಪಾಟಿ ಹಲಗೆ ಇಲ್ಲ. ಆದರೆ ಗೊತ್ತಿರಬೇಕಾದ ಒಂದು ಕೊಕ್ಕೆ ಇದೆ. ಇಂಥ ಬ್ರ್ಯಾಂಡ್ ಯಂತ್ರಗಳಲ್ಲಿ ಎಸ್‌ಎಂಪಿಎಸ್‌ನ ಕನೆಕ್ಟರು ಎಲ್ಲರ 24 ಪಿನ್ನಿನದಲ್ಲ. ಹಲವು ಆಪ್ಟಿಪ್ಲೆಕ್ಸ್‌ಗಳಲ್ಲಿ 8 ಪಿನ್, ಬೇರೆಯವರದರಲ್ಲಿ ಬೇರೆ ಲೆಕ್ಕ. ಮಾರ್ಕೆಟ್ಟಿನ ಎಸ್‌ಎಂಪಿಎಸ್ ಸೀದಾ ಕೂರುವುದಿಲ್ಲ, ಬೋರ್ಡನ್ನು ಬೇರೆ ಕ್ಯಾಬಿನೆಟ್ಟಿಗೆ ವರ್ಗಾಯಿಸಲೂ ಆಗುವುದಿಲ್ಲ. 6ನೇ ತಲೆಮಾರಿನಲ್ಲಿ ಮೆಮೊರಿಯೂ ಎರಡು ಬಗೆ: ಕೆಲವು ಬೋರ್ಡಿಗೆ ಡಿಡಿಆರ್3ಎಲ್, ಕೆಲವಕ್ಕೆ ಡಿಡಿಆರ್4. ಹೊರಗಿನ ಸ್ಟಿಕರ್ ನೋಡಿ ರ‍್ಯಾಮ್ ತರಬೇಡಿ, ಒಳಗೆ ಇರುವ ಕಡ್ಡಿಯನ್ನು ಕಿತ್ತು ಓದಿ.

ಇದರ ಜೊತೆಗೆ ಅಂಗಡಿಯವರು 'ಡೆಡ್' ಅಂತ ಮೂಲೆಗೆ ತಳ್ಳಿದ ಮಾಮೂಲಿ ಅಸೆಂಬಲ್ ಸೆಟ್ ಒಂದು ಸಿಕ್ಕರೆ ಗುಜರಿ ಬೆಲೆಗೆ ತನ್ನಿ. ಬೋರ್ಡಿನ ಮೇಲೆ ಅಚ್ಚಾದ ಮಾಡೆಲ್ ಸಂಖ್ಯೆ ಹುಡುಕಿ, ತಯಾರಕರ ಸೈಟಿನಿಂದ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಯಾವ ಸ್ಲಾಟಿಗೆ ಮೊದಲು ರ‍್ಯಾಮ್, ಯಾವ ಪಿನ್ನಿಗೆ ಪವರ್ ಬಟನ್, ಎಂ.2 ಜಾಗದಲ್ಲಿ (ಬೋರ್ಡಿನ ಮೇಲೇ ಮಲಗಿಸಿ ಹಾಕುವ ಪುಟ್ಟ ಡಿಸ್ಕಿನದು) ಡಿಸ್ಕ್ ಹಾಕಿದರೆ ಕೇಬಲ್ಲಿನ ಡಿಸ್ಕಿಗಿರುವ ಯಾವ ಸಾಟಾ ಪೋರ್ಟ್ ಸತ್ತಂತಾಗುತ್ತದೆ, ಎಲ್ಲ ಅದರಲ್ಲಿರುತ್ತದೆ. ಹತ್ತು ವಿಡಿಯೋ ನೋಡಿದವರಿಗಿಂತ ಒಂದು ಮ್ಯಾನ್ಯುಯಲ್ ಪೂರ್ತಿ ಓದಿದವರ ಮೇಲೆ ನನಗೆ ನಂಬಿಕೆ ಹೆಚ್ಚು.

ಸಲಕರಣೆ ಬಹಳ ಬೇಡ. ತುದಿಯಲ್ಲಿ ಆಯಸ್ಕಾಂತವಿರುವ 2 ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್, ಎಂ.2 ಸ್ಕ್ರೂಗೆ ಇನ್ನೊಂದು ಚಿಕ್ಕದು, ಡಿಜಿಟಲ್ ಮಲ್ಟಿಮೀಟರ್, 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್, ಪೇಂಟಿನ ಬ್ರಷ್, ಒಂದು ಸಿಆರ್2032 ಬಿಲ್ಲೆ ಬ್ಯಾಟರಿ. ಸ್ಕ್ರೂಗಳಿಗೆ ಹಳೆಯ ಒಗ್ಗರಣೆ ಡಬ್ಬಿ. ಇದು ತಮಾಷೆಗೆ ಹೇಳಿದ್ದಲ್ಲ. ಡಬ್ಬದೊಳಗೆ ಮೂರು ಜಾತಿಯ ಸ್ಕ್ರೂ ಇರುತ್ತವೆ: ಹಾರ್ಡ್‌ಡಿಸ್ಕ್, ಎಸ್‌ಎಂಪಿಎಸ್‌ಗೆ ದಪ್ಪ ಮರೆಯ (ಮರೆ ಅಂದರೆ ಸ್ಕ್ರೂವಿನ ಸುರುಳಿ ಗೆರೆ) 6-32, ಎಸ್‌ಎಸ್‌ಡಿಗೆ ಸಣ್ಣ ಮರೆಯ ಎಂ3, ಎಂ.2 ಡಿಸ್ಕಿಗೆ ಇರುವೆಯಂಥ ಎಂ2. ದಪ್ಪ ಮರೆಯದನ್ನು ಸಣ್ಣ ಮರೆಯ ತೂತಿಗೆ ಒತ್ತಿ ತಿರುಗಿಸಿದರೆ ಮರೆ ಹಾಳು, ಆಮೇಲೆ ಯಾವುದೂ ನಿಲ್ಲದು. ಡಬ್ಬಿಯ ಒಂದೊಂದು ಬಟ್ಟಲಿಗೆ ಒಂದೊಂದು ಜಾತಿ.

ಮಲ್ಟಿಮೀಟರ್ ಹಿಡಿಯುವ ಮುಂಚೆ ಕೆಂಪು ವೈರು ಯಾವ ತೂತಿನಲ್ಲಿದೆ ನೋಡಿ. 10 ಆಂಪಿಯರಿನ ತೂತಿನಲ್ಲಿ ಬಿಟ್ಟು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಅದು ವೋಲ್ಟೇಜು ಅಳೆಯುವುದಿಲ್ಲ, ನೇರ ಶಾರ್ಟ್ ಆಗುತ್ತದೆ. ವೋಲ್ಟಿನ ತೂತು, ಎಸಿ, ಅತಿ ದೊಡ್ಡ ರೇಂಜು. ಕಾಲಿಗೆ ಚಪ್ಪಲಿ, ಕೈ ಒಣಗಿರಲಿ. ಮಕ್ಕಳು ಕಲಿಯುತ್ತಿದ್ದರೆ ಈ ಒಂದು ಕೆಲಸ ದೊಡ್ಡವರೇ ಮಾಡಲಿ.

ಸಾಕೆಟ್ಟಿನ ಎದುರು ನಿಂತರೆ ಮೇಲಿನ ದಪ್ಪ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230ರ ಆಸುಪಾಸು ಬರಬೇಕು. ಫೇಸಿಗೂ ಅರ್ಥಿಗೂ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಅಲ್ಲಿ 40, 90 ಅಂತ ಅಲೆದಾಡುವ ಅಂಕಿ ಬಂದರೆ ಮೂರನೇ ತೂತಿನ ಹಿಂದೆ ವೈರೇ ಇಲ್ಲ, ಅಥವಾ ಇದ್ದರೂ ನೆಲ ಮುಟ್ಟಿಲ್ಲ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಸಹಜ. ಹತ್ತರ ಮೇಲೆ ಹೋದರೆ ಎಲ್ಲೋ ನ್ಯೂಟ್ರಲ್ ಸಡಿಲವಾಗಿದೆ. ಮನೆಯಲ್ಲಿ ಗ್ರೈಂಡರು, ಗೀಸರು ಓಡುತ್ತಿರುವಾಗಲೂ ಪೂರ್ತಿ ಸೊನ್ನೆ ಬಂದರೆ ಖುಷಿಪಡುವ ಮುಂಚೆ ಸಾಕೆಟ್ ಬಿಚ್ಚಿಸಿ ನೋಡಿ. ಒಳಗೆ ನ್ಯೂಟ್ರಲ್ಲಿನಿಂದ ಅರ್ಥಿಗೆ ಒಂದು ತುಂಡು ವೈರು ಹಾಕಿ 'ಅರ್ಥಿಂಗ್ ಕೊಟ್ಟಿದೀನಿ' ಅಂದ ಎಲೆಕ್ಟ್ರಿಷಿಯನ್ನಿನ ಕೆಲಸ ಇರಬಹುದು. ಮೀಟರಿನಿಂದ ಬರುವ ನ್ಯೂಟ್ರಲ್ ಎಂದಾದರೂ ಕಿತ್ತುಹೋದರೆ, ಆ ತುಂಡು ವೈರಿನ ಕೃಪೆಯಿಂದ ಕ್ಯಾಬಿನೆಟ್ಟಿನ ತಗಡಿಗೇ 230 ವೋಲ್ಟ್ ಬರುತ್ತದೆ. ಅರ್ಥ್ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು.

ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ತಂದದ್ದು 1902ರಲ್ಲಿ. ಅದೇ ಜಿಲ್ಲೆಯ ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತು ಇವತ್ತಿಗೂ ಶೋಕಿಗೆ ಇದೆ. ಅರ್ಥಿಂಗ್ ಇರುವ ಮನೆಗಳಲ್ಲೂ ಅದು ಬೇಸಿಗೆಯಲ್ಲಿ ಕೈಕೊಡುತ್ತದೆ. ಇದ್ದಿಲು, ಉಪ್ಪು ತುಂಬಿ ಪೈಪು ಹೂತ ಗುಂಡಿ ತೇವವಾಗಿದ್ದರಷ್ಟೇ ಕೆಲಸ ಮಾಡುವುದು. ಫೆಬ್ರವರಿಯಿಂದ ಮಳೆ ಬೀಳುವವರೆಗೆ ನಮ್ಮ ಮಣ್ಣು ಇಟ್ಟಿಗೆಯಂತೆ ಒಣಗಿರುತ್ತದೆ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಗುಂಡಿಗೆ ಹುಯ್ಯಿರಿ. ಬೋರ್‌ವೆಲ್ ಬತ್ತುವ ಕಾಲದಲ್ಲಿ ಕಂಪ್ಯೂಟರಿಗೆ ನೀರು ಹಾಕುವುದು ಅಂದರೆ ನಗುತ್ತಾರೆ, ನಗಲಿ. ಪಾತ್ರೆ ತೊಳೆದ ನೀರಾದರೂ ನಡೆಯುತ್ತದೆ.

'ಸಿಪಿಯು ಮುಟ್ಟಿದ್ರೆ ಜುಮ್ ಅನ್ನುತ್ತೆ' ಅನ್ನುವ ದೂರಿನ ಮೂಲವೂ ಇಲ್ಲೇ. ಎಸ್‌ಎಂಪಿಎಸ್‌ನ ಬಾಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸಿನಿಂದ ಕ್ಯಾಬಿನೆಟ್ಟಿನ ತಗಡಿಗೆ ಒಂದು, ನ್ಯೂಟ್ರಲ್ಲಿನಿಂದ ಒಂದು ಪುಟ್ಟ ಕೆಪಾಸಿಟರ್. ಎರಡೂ ಕೂಡುವ ತಗಡು ಅರ್ಥಿಗೆ ಸೇರಿದ್ದರೆ ಸೋರಿದ್ದು ನೆಲಕ್ಕೆ ಇಳಿಯುತ್ತದೆ. ಸೇರಿಲ್ಲದಿದ್ದರೆ ತಗಡು 230ರ ಅರ್ಧದಲ್ಲಿ, ಅಂದರೆ 115 ವೋಲ್ಟಿನ ಹತ್ತಿರ ತೇಲುತ್ತದೆ. ಹರಿಯುವ ಕರೆಂಟು ಒಂದು ಮಿಲಿಆಂಪಿಯರಿಗೂ ಕಡಿಮೆ, ಹಾಗಾಗಿ ಜುಮ್ ಅನಿಸಿ ಬಿಡುತ್ತದೆ. ಎಸ್‌ಎಂಪಿಎಸ್ ಕೆಟ್ಟಿಲ್ಲ, ಬದಲಾಯಿಸಿದರೆ ಹೊಸದೂ ಹಾಗೇ ಹೊಡೆಯುತ್ತದೆ. ಮನುಷ್ಯನಿಗೆ ಜುಮ್ ಅನಿಸಿದ್ದು ಎಚ್‌ಡಿಎಂಐ ಪೋರ್ಟಿಗೆ ಪ್ರಾಣಸಂಕಟ. ತೇಲುವ ಕ್ಯಾಬಿನೆಟ್ಟಿಗೂ ಕೇಬಲ್ ವೈರಿನ ಮೂಲಕ ಬೇರೆ ಕಡೆ ಅರ್ಥ್ ಆಗಿರುವ ಟಿವಿಗೂ ನಡುವೆ ಎಚ್‌ಡಿಎಂಐ ಚುಚ್ಚುವ ಕ್ಷಣದಲ್ಲಿ ಸಣ್ಣ ಕಿಡಿ ಹಾರಿ ಪೋರ್ಟು ಸುಡಬಹುದು. ಅರ್ಥಿಂಗ್ ಸರಿಯಾಗುವವರೆಗೆ ಮೊದಲು ಎಲ್ಲ ಕೇಬಲ್ ಜೋಡಿಸಿ, ಗೋಡೆಯ ಪ್ಲಗ್ಗು ಕೊನೆಗೆ.

ಯುಪಿಎಸ್ ವಿಷಯ ಸರಳ, ಲೆಕ್ಕ ಗೊತ್ತಿದ್ದರೆ. ಡಬ್ಬದ ಮೇಲಿನ 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಒಳಗಿನ ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್, ಗುಣಿಸಿದರೆ 84 ವ್ಯಾಟ್ ಅವರ್. ಆದರೆ ಅಷ್ಟನ್ನೂ ಒಂದೇ ಉಸಿರಿಗೆ ಎಳೆದರೆ ಸುಮಾರು ಅರ್ಧವಷ್ಟೇ ಕೈಗೆ ಸಿಗುತ್ತದೆ. ಮಾನಿಟರ್ ಸೇರಿ 120 ವ್ಯಾಟ್ ಎಳೆಯುವ ಯಂತ್ರಕ್ಕೆ ಹೊಸ ಬ್ಯಾಟರಿಯಲ್ಲಿ ಕಾಲು ಗಂಟೆ, ಫೈಲ್ ಸೇವ್ ಮಾಡಿ ಆಫ್ ಮಾಡಲು ಸಾಕು. ಎರಡು ಮೂರು ವರ್ಷಕ್ಕೆ ಬ್ಯಾಟರಿ ಮುಗಿಯುತ್ತದೆ, ತಗಡಿನ ಮನೆಯ ಬಿಸಿಯಲ್ಲಿ ಇನ್ನೂ ಬೇಗ. ಮನೆಗೆಲ್ಲ ಇನ್ವರ್ಟರ್ ಇದ್ದರೆ ಹಿಂದುಗಡೆ 'ಯುಪಿಎಸ್' ಮತ್ತು 'ಇಕೋ' ಅಥವಾ 'ನಾರ್ಮಲ್' ಅನ್ನುವ ಸ್ವಿಚ್ಚಿದೆಯೇ ನೋಡಿ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ತಡೆದುಕೊಳ್ಳುವುದು ಪೂರ್ತಿ ಲೋಡಿನಲ್ಲಿ 16 ಮಿಲಿಸೆಕೆಂಡಿನಷ್ಟು. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಅಷ್ಟರೊಳಗೆ ಕೈಹಿಡಿಯುತ್ತದೆ, ಇನ್ನೊಂದರಲ್ಲಿ ತಡವಾಗುತ್ತದೆ. 'ಇನ್ವರ್ಟರ್ ಇದ್ರೂ ಕಂಪ್ಯೂಟರ್ ಆಫ್ ಆಗುತ್ತೆ' ಅನ್ನುವವರಲ್ಲಿ ಅರ್ಧ ಜನಕ್ಕೆ ಆ ಸ್ವಿಚ್ ತಳ್ಳಿದರೆ ಸಾಕು.

ಸಿಡಿಲಿನ ಮಾತು ಬೇರೆ. ಭರಣಿ ಮಳೆ ಗುಡುಗಿನ ಜೊತೆ ಬರುವ ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಎಲ್ಲರೂ ಪ್ಲಗ್ ಕೀಳುತ್ತಾರೆ, ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಮರೆಯುತ್ತಾರೆ. ತಾರಸಿಯಿಂದ ಇಳಿದುಬರುವ ತಾಮ್ರದ ಲ್ಯಾನ್ ವೈರು ಸಿಡಿಲಿನ ಏಟಿಗೆ ಒಳ್ಳೆಯ ಹೆದ್ದಾರಿ. ಅದನ್ನೂ ಕೀಳಿ.

ಈಗ ಎಸ್‌ಎಂಪಿಎಸ್. ಇಡೀ ಡಬ್ಬದಲ್ಲಿ ಜನ ಅತಿ ಕಡಿಮೆ ಯೋಚಿಸಿ ಕೊಳ್ಳುವ, ಅತಿ ಹೆಚ್ಚು ಹಾನಿ ಮಾಡುವ ಸಾಮಾನು ಇದು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದಂತೆ ಬರುವ '450' ಅನ್ನುವ ಎಸ್‌ಎಂಪಿಎಸ್ಸಿನ ಹೆಸರನ್ನು ನಂಬಬೇಡಿ, ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದ್ದಾರೆ ನೋಡಿ. 16 ಆಂಪಿಯರ್ ಇದ್ದರೆ 12ರಿಂದ ಗುಣಿಸಿ, 192 ವ್ಯಾಟ್. ಈಗಿನ ಯಂತ್ರದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟನ್ನೇ. ಹಾಗಾಗಿ ನಿಜವಾದ ತೂಕ ಅದೊಂದೇ. ಸಾಚಾ 450 ವ್ಯಾಟಿನದರಲ್ಲಿ 12 ವೋಲ್ಟಿಗೇ 36 ಆಂಪಿಯರಿನ ಆಸುಪಾಸು ಇರುತ್ತದೆ. ಖರ್ಚಿನ ಕಡೆಯೂ ಡಬ್ಬದ ಅಂಕಿ ಮೋಸ ಮಾಡುತ್ತದೆ: ಐ5-12400 ಪ್ರೊಸೆಸರಿನ ಮೇಲೆ 65 ವ್ಯಾಟ್ ಅಂತಿದ್ದರೂ ಓಟದ ವೇಗದಲ್ಲಿ ಅದರ ಮಿತಿ 117 ವ್ಯಾಟ್. ಗ್ರಾಫಿಕ್ಸ್ ಕಾರ್ಡಿಗೆ ಸ್ಲಾಟಿನಿಂದ 75 ವ್ಯಾಟ್ ಸಿಗುತ್ತದೆ, 6 ಪಿನ್ ಕೇಬಲ್ಲಿನಿಂದ ಇನ್ನೊಂದು 75, 8 ಪಿನ್ ಆದರೆ 150. ಎಲ್ಲ ಕೂಡಿ, ಮೂರನೇ ಒಂದು ಭಾಗ ಹೆಚ್ಚಿಗೆ ಇಟ್ಟುಕೊಂಡು ಕೊಳ್ಳಿ.

ಹಳೆಯ ಎಸ್‌ಎಂಪಿಎಸ್ ಕೆಲವಕ್ಕೆ ಹಿಂದುಗಡೆ 115/230 ಅಂತ ಬರೆದ ಕೆಂಪು ಸ್ವಿಚ್ಚಿರುತ್ತದೆ. ಕುತೂಹಲಕ್ಕೆ 115ಕ್ಕೆ ತಳ್ಳಿ ಪ್ಲಗ್ ಹಾಕಿದರೆ ಪಟಾಕಿ ಹೊಡೆದಂತೆ ಸದ್ದಾಗಿ ಮುಗಿಯುತ್ತದೆ. ಆ ಸ್ಥಾನದಲ್ಲಿ ಒಳಗಿನ ಸರ್ಕ್ಯೂಟು ಬಂದ ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ, ಕೆಪಾಸಿಟರುಗಳು ತಾಳುವುದಿಲ್ಲ. ಎಸ್‌ಎಂಪಿಎಸ್ಸಿನ ಮುಚ್ಚಳವನ್ನಂತೂ ಬಿಚ್ಚಲೇಬೇಡಿ. 230 ಎಸಿಯನ್ನು ಡಿಸಿ ಮಾಡಿದಾಗ 325 ವೋಲ್ಟ್ ಆಗುತ್ತದೆ, ಕೆಲವದರಲ್ಲಿ 380ರ ಮೇಲೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಅದು ಕೂತಿರುತ್ತದೆ. ಹವ್ಯಾಸಕ್ಕೆ ಇಷ್ಟು ಧೈರ್ಯ ಬೇಕಿಲ್ಲ.

ಬಿಚ್ಚದೆಯೂ ಪರೀಕ್ಷಿಸಬಹುದು. ಎಲ್ಲ ಕನೆಕ್ಟರ್ ಕಿತ್ತು, 24 ಪಿನ್ನಿನಲ್ಲಿ ಇರುವ ಒಂದೇ ಹಸಿರು ವೈರನ್ನು ಯಾವುದಾದರೂ ಕಪ್ಪು ವೈರಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಎಸ್‌ಎಂಪಿಎಸ್ ಚಾಲೂ ಆಗಬೇಕು. ಮಲ್ಟಿಮೀಟರನ್ನು ಡಿಸಿ 20ಕ್ಕೆ ಇಟ್ಟು ಕಪ್ಪಿನ ಎದುರು ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಬರಬೇಕು. ನೇರಳೆ ವೈರಿನಲ್ಲಿ ಕ್ಲಿಪ್ಪಿಲ್ಲದೆಯೂ 5 ವೋಲ್ಟ್ ಇರಬೇಕು, ಬಟನ್ ಒತ್ತಿದ್ದನ್ನು ಬೋರ್ಡಿಗೆ ತಿಳಿಸುವ ಜೀವ ಅದೇ. ವೈರೆಲ್ಲ ಕಪ್ಪಾಗಿದ್ದರೆ ಊಹೆ ಮಾಡಬೇಡಿ, ಎಸ್‌ಎಂಪಿಎಸ್ ಟೆಸ್ಟರ್ ಅಂತಲೇ ಸಿಗುತ್ತದೆ. ಹೀಗೆ ಪಾಸಾಯಿತು ಅಂದಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಎಂದಲ್ಲ. ಖಾಲಿ ಗಾಡಿ ಯಾವ ಎತ್ತಾದರೂ ಎಳೆಯುತ್ತದೆ. ಯಂತ್ರ ಜೋಡಿಸಿ, ಭಾರದ ಕೆಲಸ ಕೊಟ್ಟು, ಬಿಡುವಾಗಿರುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ-ಕಪ್ಪು ಅಳೆಯುತ್ತ ಕೂತುಕೊಳ್ಳಿ. 12.1 ಇದ್ದದ್ದು ಆಟ ಶುರುವಾದೊಡನೆ 11.3ಕ್ಕೆ ಜಾರಿದರೆ ಉತ್ತರ ಸಿಕ್ಕಿತು.

ಬೋರ್ಡಿಗೆ ಬರುವ ಹೊತ್ತಿಗೆ ಅರ್ಧ ಯುದ್ಧ ಗೆದ್ದಂತೆ. ಹೊಂದಾಣಿಕೆಯ ನಿಯಮ ಎರಡೇ. ಪ್ರೊಸೆಸರಿನ ಸಾಕೆಟ್ಟಿಗೆ (ಬೋರ್ಡಿನ ಮೇಲೆ ಅದು ಕೂರುವ ಗೂಡು) ತಕ್ಕ ಬೋರ್ಡು, ಬೋರ್ಡಿಗೆ ತಕ್ಕ ರ‍್ಯಾಮು. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಕಚ್ಚಿನ ಜಾಗ ಮಾತ್ರ ಬೇರೆ, ಒತ್ತಿದರೆ ಸ್ಲಾಟ್ ಒಡೆಯುತ್ತದೆ. ಎಲ್‌ಜಿಎ1700 ಸಾಕೆಟ್ಟಿನ ಬೋರ್ಡುಗಳು ಎರಡೂ ಬಗೆಯ ರ‍್ಯಾಮಿಗೆ ಬರುವುದರಿಂದ ಹೆಸರಿನ ಕೊನೆಯಲ್ಲಿ ಏನು ಬರೆದಿದೆ ಓದಿ.

ಮೊದಲ ಜೋಡಣೆ ಕ್ಯಾಬಿನೆಟ್ಟಿನ ಹೊರಗೆ, ಬೋರ್ಡು ಬಂದ ರಟ್ಟಿನ ಡಬ್ಬದ ಮೇಲೆ ಆಗಲಿ. ಜನವರಿಯಿಂದ ಮಾರ್ಚಿನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ತೊಟ್ಟು ಕೂರಬೇಡಿ, ಆಗಾಗ ಅರ್ಥ್ ಆಗಿರುವ ಲೋಹ ಮುಟ್ಟುತ್ತಿರಿ. ಇಂಟೆಲ್ಲಿನಲ್ಲಿ ಸೂಜಿಯಂಥ ಪಿನ್ನುಗಳು ಬೋರ್ಡಿನ ಸಾಕೆಟ್ಟಿನಲ್ಲಿರುತ್ತವೆ. ಇನ್ನೊಂದು ಕಂಪನಿ ಎಎಂಡಿಯ ಎಎಂ4 ಸಾಕೆಟ್ಟಿನ ಬಗೆಯಲ್ಲಿ ಪ್ರೊಸೆಸರಿನ ಕಾಲಲ್ಲಿ, 2022ರಲ್ಲಿ ಬಂದ ಎಎಂ5ನಲ್ಲಿ ಮತ್ತೆ ಬೋರ್ಡಿನಲ್ಲಿ. ಮೂಲೆಯ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ ಇಡಿ, ಒತ್ತಬೇಡಿ, ತಾನಾಗಿ ಕೂರಬೇಕು. ಆಮೇಲೆ ಲಿವರ್ ಎಳೆಯುವಾಗ ಮಾತ್ರ ಎದೆ ಝಲ್ಲೆನ್ನುವಷ್ಟು ಬಲ ಬೇಕು, ಕಿರುಗುಟ್ಟಿದರೂ ಸಹಜ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಬೋರ್ಡು ಕಳಿಸುವಾಗ ಕೇಳುತ್ತಾರೆ.

ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟು ಬಟಾಣಿ ಕಾಳಿನಷ್ಟು, ನಡುವೆ. ಬೆಣ್ಣೆ ಸವರಿದಂತೆ ಸವರುವುದು ಬೇಡ, ಕೂಲರಿನ ಒತ್ತಡಕ್ಕೆ ತಾನೇ ಹರಡುತ್ತದೆ. ಇಂಟೆಲ್ ಜೊತೆಗೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳನ್ನು ಎದುರುಬದುರು ಮೂಲೆಯ ಜೋಡಿಯಾಗಿ ಟಕ್ ಅನ್ನುವವರೆಗೆ ಒತ್ತಿ, ನಂತರ ಬೋರ್ಡನ್ನು ಮಗುಚಿ ನಾಲ್ಕೂ ಕಾಲು ಹಿಂದೆ ಅಗಲಿಸಿ ಹಿಡಿದಿವೆಯೇ ನೋಡಿ. ಒಂದು ಹಿಡಿದಿರದಿದ್ದರೂ ನಿಮಿಷದೊಳಗೆ 100 ಡಿಗ್ರಿ ಮುಟ್ಟಿ ಯಂತ್ರ ಕುಂಟತೊಡಗುತ್ತದೆ. ಎಎಂ4ನಲ್ಲಿ ಅಪಾಯ ಕೂಲರ್ ಕೀಳುವಾಗ. ವರ್ಷಗಳಿಂದ ಗಟ್ಟಿಯಾದ ಪೇಸ್ಟು ಪ್ರೊಸೆಸರನ್ನೇ ಅಂಟಿಸಿಕೊಂಡು, ಲಿವರ್ ಹಾಕಿದ್ದರೂ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ, ಪಿನ್ನು ಬಾಗುತ್ತವೆ. ಹತ್ತು ನಿಮಿಷ ಯಂತ್ರ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಬಿಡಿಸಿ. ನೇರ ಎತ್ತಬೇಡಿ.

ಒಂದೇ ರ‍್ಯಾಮ್ ಕಡ್ಡಿ, ಪ್ರೊಸೆಸರಿನಿಂದ ಎಣಿಸಿ ಎರಡನೇ ಸ್ಲಾಟಿನಲ್ಲಿ. 24 ಪಿನ್ನು, ಪ್ರೊಸೆಸರಿನ 8 ಪಿನ್ನು, ಮಾನಿಟರ್ ಕೇಬಲ್. ಮುಂಭಾಗದ ಪಿನ್ನುಗಳ ಗುಂಪಿನಲ್ಲಿ 6 ಮತ್ತು 8ನೆಯವು ಪವರ್ ಬಟನ್ನಿನವು, ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಎರಡನ್ನೂ ಮುಟ್ಟಿಸಿದರೆ ಯಂತ್ರ ಏಳಬೇಕು. ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ರ‍್ಯಾಮಿನ ಜೊತೆ ಬೋರ್ಡು ತಾಳ ಕೂಡಿಸಿಕೊಳ್ಳುತ್ತಿರುತ್ತದೆ, ಗಾಬರಿಯಾಗಿ ಆಫ್ ಮಾಡಬೇಡಿ.

ಡಿಸ್ಪ್ಲೇ ಬರಲಿಲ್ಲ, ಫ್ಯಾನು ಮಾತ್ರ ತಿರುಗುತ್ತಿದೆ. ಎಲ್ಲರಿಗೂ ಒಮ್ಮೆ ಆಗುವುದೇ. ಪ್ರೊಸೆಸರಿನ 8 ಪಿನ್ ಮರೆತಿರಾ ನೋಡಿ. ಇಂಟೆಲ್ ಸಂಖ್ಯೆಯ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಕಾರ್ಡಿಲ್ಲದೆ ಬ್ರಹ್ಮ ಬಂದರೂ ಚಿತ್ರ ಬಾರದು. ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಚುಚ್ಚಿದೆಯೇ? ರ‍್ಯಾಮ್ ಕಿತ್ತು ಚಿನ್ನದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಉಳಿಯದಂತೆ ಆಲ್ಕೊಹಾಲಿನಿಂದ ಒರೆಸಿ ಮತ್ತೆ ಕೂರಿಸಿ. ನಮ್ಮ ಸರ್ವಿಸ್ ಹುಡುಗರ ಈ ರಬ್ಬರ್ ವೈದ್ಯವನ್ನು ಗೇಲಿ ಮಾಡುವವರಿದ್ದಾರೆ, ಹಳೆಯ ಯಂತ್ರದಲ್ಲಿ ಅದು ಸುಮಾರು ಸಲ ಗೆಲ್ಲುತ್ತದೆ. ಪ್ಲಗ್ ಕಿತ್ತು, ಬೋರ್ಡಿನ ಬಿಲ್ಲೆ ಬ್ಯಾಟರಿ ಐದು ನಿಮಿಷ ತೆಗೆದಿಟ್ಟು ಹಾಕಿ. ಪ್ರೊಸೆಸರ್ ಬೋರ್ಡಿಗಿಂತ ಹೊಸದಾಗಿದ್ದರೆ ಬಯೋಸ್ (ಬೋರ್ಡಿನೊಳಗೇ ಇದ್ದು ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರ್) ಹಳೆಯದಿರಬಹುದು. ಬೋರ್ಡಿನ ಮೇಲೆ ಸಿಪಿಯು, ಡಿರ‍್ಯಾಮ್, ವಿಜಿಎ ಅಂತ ಪುಟ್ಟ ದೀಪಗಳಿದ್ದರೆ ಯಾವುದರ ಮೇಲೆ ನಿಂತಿದೆ ಅನ್ನುವುದೇ ಅರ್ಧ ಉತ್ತರ. ಏನು ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರು ಸಾಮಾನು ಒಟ್ಟಿಗೆ ಬದಲಿಸಿ ಸರಿಹೋದರೆ ಯಂತ್ರ ಗೆದ್ದಿತು, ನೀವೇನೂ ಕಲಿಯಲಿಲ್ಲ.

ಹೊರಗೆ ಎದ್ದ ಯಂತ್ರ ಕ್ಯಾಬಿನೆಟ್ಟಿನೊಳಗೆ ಏಳದಿದ್ದರೆ ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಎಣಿಸಿ. ಬೋರ್ಡಿನ ತೂತಿಲ್ಲದ ಜಾಗದಲ್ಲಿ ಒಂದು ಹೆಚ್ಚಿಗೆ ಇದ್ದರೂ ಹಿಂದಿನ ಬೆಸುಗೆಗೆ ತಾಕಿ ಶಾರ್ಟ್. ಅರ್ಧ ಗಂಟೆ ಓಡಿ ನಿಂತರೆ ಬಿಸಿ, ಆಟದ ನಡುವೆ ದಿಢೀರ್ ರೀಸ್ಟಾರ್ಟ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ದಿನಾ ಬೆಳಿಗ್ಗೆ ಗಡಿಯಾರ ಹಿಂದೆ ಹೋದರೆ ಬಿಲ್ಲೆ ಬ್ಯಾಟರಿ. ಹೊತ್ತುಗೊತ್ತಿಲ್ಲದೆ ನೀಲಿ ಪರದೆ ಬಂದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ, ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿ ವಾಪಸ್. ಹಳೆಯ ಹಾರ್ಡ್‌ಡಿಸ್ಕನ್ನು ಡಿಸ್ಕಿನ ಆರೋಗ್ಯ ಓದುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ತೆರೆದು 05 ಮತ್ತು ಸಿ5 ಸಾಲು (ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ) ನೋಡಿ, ಸೊನ್ನೆ ಬಿಟ್ಟು ಬೇರೆ ಅಂಕಿ ಏರುತ್ತಿದ್ದರೆ ಮದುವೆ ಫೋಟೊ ಅದರಲ್ಲಿಡಬೇಡಿ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕಿನ ತಪ್ಪಲ್ಲದಿರಬಹುದು, ಸಾಟಾ ಕೇಬಲ್ ಬದಲಿಸಿ ನೋಡಿ.

ಕೊಳ್ಳುವುದು ಎಲ್ಲಿ? ಸ್ಕ್ರೂ, ಕೇಬಲ್, ಬ್ಯಾಟರಿಗೆ ಊರಿನ ಅಂಗಡಿಯೇ ಸರಿ, ಆಯ್ಕೆ ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡು. ತುಮಕೂರಿನ ಬಸ್ಸಿನಿಂದ ಮಾದಾವರದಲ್ಲಿ ಇಳಿದರೆ ಹಸಿರು ಮಾರ್ಗದ ಮೆಟ್ರೊ ನೇರ ಅದರ ಹತ್ತಿರದ ಚಿಕ್ಕಪೇಟೆಗೆ ಬಿಡುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. 'ಜಿಎಸ್‌ಟಿ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ' ಅಂದಾಗ ಉಳಿಯುವ 18 ಪರ್ಸೆಂಟು ವಾರಂಟಿಯ ಬೆಲೆ ಅಂತ ತಿಳಿಯಿರಿ. ಡಬ್ಬವಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರಿನ ವಾರಂಟಿಗೆ ಮಾರಿದವರೇ ಗತಿ. ಹಳೆ ಪ್ರೊಸೆಸರಿಗೆ ಅಂತ ಮಾರುವ ಹೆಸರಿಲ್ಲದ 'ಹೊಸ' ಬೋರ್ಡುಗಳಲ್ಲಿ ಎಷ್ಟೋ ಹಳೆಯ ಚಿಪ್ಪು ಕಿತ್ತು ಹೊಸ ಹಲಗೆಗೆ ಹಚ್ಚಿದವು. ಕಲಿಯಲು ಪರವಾಗಿಲ್ಲ, ಅಂಗಡಿಯ ಲೆಕ್ಕ ಇಡಲು ಬೇಡ. ಬಳಸಿದ ಎಸ್‌ಎಂಪಿಎಸ್ ಕೊಂಡರೆ ಅದರದೇ ಕೇಬಲ್ ಇಸಿದುಕೊಳ್ಳಿ. ಬಿಚ್ಚಿ ಹಾಕುವ ಕೇಬಲ್ಲಿನಲ್ಲಿ ಎಸ್‌ಎಂಪಿಎಸ್ ಕಡೆಯ ಪಿನ್ನಿನ ಕ್ರಮಕ್ಕೆ ಸರ್ವಸಮ್ಮತ ನಿಯಮವಿಲ್ಲ. ಬೇರೆ ಕಂಪನಿಯದು ಸಲೀಸಾಗಿ ಕೂತು, 5 ವೋಲ್ಟಿನ ಜಾಗಕ್ಕೆ 12 ಕೊಟ್ಟು ಡಿಸ್ಕುಗಳನ್ನು ಸುಡಬಲ್ಲದು.

ಇನ್ನು ಬಿಸಿ. ಕೂಲರಿಗೆ ತಂಪು ಮಾಡುವ ಮಂತ್ರ ಗೊತ್ತಿಲ್ಲ, ಅದು ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಪ್ರೊಸೆಸರನ್ನು ಹಿಡಿದಿಡುತ್ತದೆ, ಅಷ್ಟೇ. 23 ಡಿಗ್ರಿಯ ಕೋಣೆಯಲ್ಲಿ ಕೂತು 72 ಬಂತು ಅಂದವರ ಅಂಕಿಗೆ ಏಪ್ರಿಲ್ ಮಧ್ಯಾಹ್ನ 36 ಮುಟ್ಟುವ ತಾರಸಿ ಕೆಳಗಿನ ಕೋಣೆಯಲ್ಲಿ 13 ಸೇರಿಸಿ ಓದಬೇಕು. ಅದರ ಮೇಲೆ ಧೂಳು. ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರ್ ಕಡೆಯ ಬಿಳಿ ಪುಡಿ, ಕೋಲಾರದ ಕೆಮ್ಮಣ್ಣು, ಎರಡೂ ಮೊದಲು ಕೂರುವುದು ಫ್ಯಾನಿನ ಕೆಳಗೆ ಕೂಲರಿನ ರೆಕ್ಕೆಗಳ ಸಂದಿಯಲ್ಲಿ, ಕಂಬಳಿಯಂತೆ ಹೆಪ್ಪುಗಟ್ಟಿ. ಒಳಗೆಳೆಯುವ ಫ್ಯಾನು ಹೊರಗೆ ತಳ್ಳುವುದಕ್ಕಿಂತ ಹೆಚ್ಚಿದ್ದರೆ ಸಂದಿಗೊಂದಿಯಿಂದ ಗಾಳಿ ಹೊರಗೇ ನುಗ್ಗುತ್ತದೆ, ಧೂಳು ಜಾಲರಿ ಇರುವ ಬಾಯಿಯಿಂದ ಮಾತ್ರ ಬರುತ್ತದೆ, ಜಾಲರಿ ತೊಳೆದರಾಯಿತು. ಹಿಂದಿನ ಖಾಲಿ ಸ್ಲಾಟುಗಳ ತಗಡಿನ ಪಟ್ಟಿ ಕಿತ್ತು ಬಿಡಬೇಡಿ. ಗಾಳಿಗಾಗಿ ಅಂತ ಬಿಟ್ಟ ಆ ಕಿಂಡಿಯಿಂದ ಹಲ್ಲಿ ಬಂದು ಬೆಚ್ಚಗಿನ ಎಸ್‌ಎಂಪಿಎಸ್ ಹತ್ತಿರ ಮನೆ ಮಾಡುತ್ತದೆ, ಒಂದು ದಿನ ಎರಡು ಬೆಸುಗೆಯ ಮೇಲೆ ಕಾಲಿಟ್ಟು ತಾನೂ ಸಾಯುತ್ತದೆ, ಅದನ್ನೂ ಸಾಯಿಸುತ್ತದೆ.

ವರ್ಷಕ್ಕೆ ಎರಡು ಸಲ ಬಿಚ್ಚಿ ಒರೆಸಲು ಹಬ್ಬಗಳೇ ಗುರುತು: ಬೇಸಿಗೆ ಏರುವ ಮುಂಚೆ ಯುಗಾದಿ, ಮಳೆ ಕಳೆದ ಮೇಲೆ ಆಯುಧ ಪೂಜೆ. ಜಗುಲಿಗೆ ತಂದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ಬ್ಲೋವರ್ ಬಿಡಿ. ಹಿಡಿಯದೆ ಬಿಟ್ಟರೆ ಬುಗುರಿಯಂತೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್‌ಗೆ ಹೊರಗಿನಿಂದಲೇ ಊದಿ. ಒದ್ದೆ ಬಟ್ಟೆ ಹೊರಮೈಗೆ ಮಾತ್ರ. ಪೂಜೆಗೆ ಅರಿಶಿನ ಕುಂಕುಮ ಇಡುವಾಗ ಪಕ್ಕದ ಮುಚ್ಚಳದ ಮೇಲೆ ಇಡಿ. ಮುಂದಿನ ಜಾಲರಿಯ ಮೇಲೆ ಇಟ್ಟದ್ದನ್ನು ಫ್ಯಾನು ಆ ಸಂಜೆಯೇ ಒಳಗೆ ಎಳೆದುಕೊಂಡು ಕೂಲರಿಗೆ ಹಚ್ಚುತ್ತದೆ.